ಪೆಟ್ಟಿಗೆಯಲ್ಲಿ ಯಾರೂ ಇಲ್ಲ

ನಮ್ಮ ಭಾವ ಸತ್ತಷ್ಟು ಸಲ ಈ ಊರಿನ ರಂಗಭೂಮಿಯಲ್ಲಿ ಬೇರೆ ಯಾರೂ ಸತ್ತಿಲ್ಲ. ಅಕ್ಕ ಇದನ್ನು ನೆಂಟರೆದುರು ಹೆಮ್ಮೆಯಿಂದಲೇ ಹೇಳುತ್ತಾಳೆ. ಕತ್ತಿಯಿಂದ, ವಿಷದಿಂದ, ಒಮ್ಮೆ ಮೆಟ್ಟಿಲು ಜಾರಿ, ಅವರು ಸಾಯದ ರೀತಿಯೇ ಉಳಿದಿಲ್ಲ. ಸಾಯದ ದಿನಗಳಲ್ಲಿ ಸುದ್ದಿ ತರುವ ದೂತನಾಗಿಯೋ, ಬಾಗಿಲು ತೆಗೆಯುವ ಆಳಾಗಿಯೋ, "ನಮ್ಮ ಕೈಯಲ್ಲಿ ಇನ್ನೇನೂ ಇಲ್ಲ" ಎಂದು ಚೀಲ ಮುಚ್ಚುವ ಡಾಕ್ಟರಾಗಿಯೋ ಬಂದು ಹೋಗುತ್ತಿದ್ದರು. ಹೀಗೆ ಮೂಲೆಯಲ್ಲಿ ನಿಂತು ಉಳಿದವರ ತಪ್ಪುಗಳನ್ನು ನೋಡಿ ನೋಡಿ ಕೊನೆಗೆ ತಾವೇ ನಿರ್ದೇಶಕರಾದರು. ಮಾತಿನ ನಾಟಕಗಳನ್ನು ಚೆನ್ನಾಗಿಯೇ ಮಾಡಿಸಿದರು. ಭಾವ ಎಂದು ಹೊಗಳುತ್ತಿಲ್ಲ, ನಾನು ಎಚ್ಚರವಾಗಿದ್ದು ನೋಡಿದ ನಾಟಕಗಳು ಅವು ಮಾತ್ರ.

ತೊಂದರೆ ಶುರುವಾದದ್ದು ಊರಿನ ದೊಡ್ಡ ರಂಗಮಂದಿರದಲ್ಲಿ ನಿರ್ದೇಶಕರ ಕುರ್ಚಿ ಖಾಲಿಯಾದಾಗ. ಕಮಿಟಿಯವರು ಭಾವನನ್ನು ಕರೆಸಿ, ಮೊದಲು ಒಂದು ಆಪೆರಾ ಮಾಡಿಸಿ, ಚೆನ್ನಾಗಿ ಆದರೆ ಕುರ್ಚಿ ನಿಮ್ಮದೇ ಎಂದರು. ಆಪೆರಾ ಎಂದರೆ ಮಾತೇ ಇಲ್ಲದೆ ಎಲ್ಲವನ್ನೂ ಹಾಡಿ ಹೇಳುವ ನಾಟಕ. ನೀರು ಬೇಕಾದರೂ ಹಾಡಬೇಕು, ಬೇಡವಾದರೂ ಹಾಡಬೇಕು. ನಿಮಗೆ ಅನುಭವ ಇದೆಯಲ್ಲವೇ ಎಂದು ಅಧ್ಯಕ್ಷರು ಕೇಳಿದಾಗ ಭಾವ ಚಾವಣಿಯನ್ನು ನೋಡಿ, "ನಾಲ್ಕಾರು ಆಗಿವೆ" ಎಂದುಬಿಟ್ಟರು.

ಆಗಿದ್ದದ್ದು ಒಂದು. ಅದರಲ್ಲಿ ಭಾವ ಹೆಣ. ಹೆಣಕ್ಕೆ ತಾಲೀಮು ಯಾಕೆ ಎಂದು ಅವರನ್ನು ಪ್ರದರ್ಶನದ ಸಂಜೆ ಮಾತ್ರ ಕರೆಸಿ ಮಲಗಿಸುತ್ತಿದ್ದರು. ನಾಯಕಿ ಪಕ್ಕದಲ್ಲಿ ನಿಂತು ಹಾಡಿದಾಗ ಹಲಗೆಗಳೆಲ್ಲ ನಡುಗಿ, ಹೆಣದ ಮೈಮೇಲೆ ರೋಮ ಎದ್ದು ನಿಂತಿತಂತೆ. ತಾಲೀಮಿನಲ್ಲಿ ಆ ನಾಯಕಿ ಏನು ಮಾಡುತ್ತಿದ್ದಳು ಎಂಬುದು ಹೆಣಕ್ಕೆ ಗೊತ್ತಿರಲಿಲ್ಲ. ಓದುಗರು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಈ ಕುರ್ಚಿಯ ವಿಷಯದಲ್ಲಿ ನನಗೂ ಸ್ವಾರ್ಥವಿತ್ತು. ನನ್ನದು ಕನ್ನಡಕದ ಅಂಗಡಿ. ಈ ಸಲ ಕುರ್ಚಿ ಸಿಗದಿದ್ದರೆ ನಾಟಕಕ್ಕೆ ಕೈಮುಗಿದು ತಮ್ಮನ ಅಂಗಡಿಯಲ್ಲಿ ಕೂರಬೇಕು ಎಂದು ಅಕ್ಕ ಭಾವನಿಗೆ ಖಡಾಖಂಡಿತವಾಗಿ ಹೇಳಿದ್ದಳು. ನನ್ನನ್ನು ಯಾರೂ ಕೇಳಿರಲಿಲ್ಲ. ಹಿಂದೊಮ್ಮೆ ನಾನು ಜ್ವರದಲ್ಲಿ ಮಲಗಿದ್ದಾಗ ಭಾವ ಅಂಗಡಿ ನೋಡಿಕೊಂಡಿದ್ದರು. ಕಣ್ಣು ಪರೀಕ್ಷೆಯ ಹಲಗೆಯಲ್ಲಿನ ಅಕ್ಷರಗಳನ್ನು ಗಿರಾಕಿಗಳಿಗೆ ತಾವೇ ಓದಿ ತೋರಿಸಿದ್ದರು, ಮೇಲಿನ ಸಾಲು ಗಂಭೀರವಾಗಿ, ಕೆಳಗಿನ ಸಾಲಿಗೆ ಬರುವಾಗ ಗದ್ಗದವಾಗಿ. ಜನ ಕೇಳಿ ಕಣ್ಣೊರೆಸಿಕೊಂಡು ಹೋದರು, ಕನ್ನಡಕ ಕೊಳ್ಳಲಿಲ್ಲ. ಹಾಗಾಗಿ ಭಾವ ಗೆಲ್ಲಲಿ ಎಂದು ಅವರಿಗಿಂತ ಹೆಚ್ಚಾಗಿ ಹಾರೈಸುತ್ತಿದ್ದವನು ನಾನು.

ಆಪೆರಾದ ಕಥೆ ಸರಳ. ಹಡಗಿನ ಕಪ್ತಾನ ಬಹಳ ಕಾಲದ ಮೇಲೆ ಮನೆಗೆ ಬರುತ್ತಾನೆ. ಕೋಣೆಯಲ್ಲಿ ಬೀಗ ಹಾಕಿದ ದೊಡ್ಡ ಪೆಟ್ಟಿಗೆ. ಒಳಗೆ ಏನಿದೆ ಎಂದರೆ ಹೆಂಡತಿ ಬಾಯಿ ಬಿಡುವುದಿಲ್ಲ. ಒಳಗೆ ಯಾರೋ ಇದ್ದಾನೆ ಎಂದು ಬೀದಿಯವರೆಲ್ಲ ಸೇರಿ ಹಾಡಿ ಹಾಡಿ ಅವನ ತಲೆ ಕೆಡಿಸುತ್ತಾರೆ. ಕೊನೆಯಲ್ಲಿ ಹೆಂಡತಿ ಒಂದೇ ಒಂದು ಹಾಡು ಹಾಡುತ್ತಾಳೆ: ತೆರೆಯಬೇಡ, ತೆರೆದರೆ ಕಳೆದುಹೋಗುವುದು ಪೆಟ್ಟಿಗೆಯಲ್ಲಿ ಇರುವುದಲ್ಲ. ಅವನು ತೆರೆಯುತ್ತಾನೆ. ಒಳಗೆ ಅವನಿಗಾಗಿ ಅವಳು ವರ್ಷ ವರ್ಷವೂ ಹೊಲಿದಿಟ್ಟ ಅಂಗಿಗಳು, ಹೊಟ್ಟೆ ಬಂದಿರಬಹುದೆಂದು ಅಂದಾಜು ಮಾಡಿ ಸ್ವಲ್ಪ ಸ್ವಲ್ಪ ಅಗಲ ಮಾಡಿದಂಥವು. "ಇಲ್ಲಿ ಯಾರೂ ಇಲ್ಲ, ಇದ್ದದ್ದು ನನ್ನ ಸಂಶಯ ಮಾತ್ರ" ಎಂದು ಕಪ್ತಾನ ಮೊಣಕಾಲೂರುವಲ್ಲಿಗೆ ಪರದೆ.

ಕಪ್ತಾನನ ಪಾತ್ರಕ್ಕೆ ನಮ್ಮೂರಿನವನೇ ಒಬ್ಬ ಸಿಕ್ಕಿದ. ಎಲ್ಲರೂ ಅವನನ್ನು ಗುಡುಗು ಎನ್ನುತ್ತಾರೆ. ತಾಲೀಮಿರಲಿ, ಕಾಫಿಯ ಹೊತ್ತಿರಲಿ, ಒಂದೇ ಗಂಟಲು. ಅವನಿಗೆ ಒಮ್ಮೆ ಕಲಿಸಿದರೆ ಮುಗಿಯಿತು, ಮರೆಯುವುದಿಲ್ಲ. ಸೂರು ಕುಸಿದರೂ ಕಲಿತದ್ದನ್ನು ಬದಲಾಯಿಸುವುದಿಲ್ಲ. ಹೆಂಡತಿಯ ಪಾತ್ರಕ್ಕೆ ದೂರದಿಂದ ಪ್ರಸಿದ್ಧ ಗಾಯಕಿಯೊಬ್ಬರನ್ನು ಕರೆಸಿದರು. ಪತ್ರಿಕೆಗಳು ಅವರನ್ನು ಸ್ವರರಾಣಿ ಎಂದು ಕರೆಯುತ್ತಿದ್ದವು. ರಾಣಿಯವರು ಕೊರಳಿಗೆ ಉಣ್ಣೆಯ ಶಾಲು ಸುತ್ತಿಕೊಂಡು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕ್ ಹಿಡಿದು ಬಂದರು. ಅವರೊಂದಿಗೆ ಕೋಲು ಬೀಸಿ ವಾದ್ಯಮೇಳ ನಡೆಸುವ ಮೇಷ್ಟ್ರು ಕೂಡ ಬಂದರು.

ಮೊದಲ ತಾಲೀಮಿನಲ್ಲಿ ಹೆಂಡತಿಯ ಹಾಡು ಬಂತು. ಭಾವ ರೋಮ ಏಳುವುದನ್ನು ಕಾಯುತ್ತ ತೋಳು ಮಡಚಿ ನಿಂತರು. ರಾಣಿಯವರು ಎದ್ದು ನಿಂತು, ಕೈ ಚಾಚಿ, ಬಾಯಿ ತೆರೆದು, ಪಕ್ಕದ ಮನೆಯ ಮಗು ಎದ್ದುಬಿಟ್ಟೀತೆಂಬ ಹಾಗೆ ಗುನುಗಿದರು. ಹಾಡು ಮುಗಿಯಿತು. ಮೇಷ್ಟ್ರು ಬಹಳ ಚೆನ್ನಾಗಿತ್ತೆಂದು ತಲೆಯಾಡಿಸಿದರು. ಭಾವ ತಮ್ಮ ತೋಳನ್ನು ನೋಡಿಕೊಂಡರು, ಒಂದು ರೋಮವೂ ಎದ್ದಿರಲಿಲ್ಲ.

ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ. "ಅಮ್ಮಾ, ಯಾಕೆ ಬಾಯಿ ಬಿಟ್ಟು ಹಾಡ್ತಿಲ್ಲ?" ಎಂದು ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಲ್ಕಾರು ಆಪೆರಾ ಮಾಡಿಸಿದವರು ಅಂಥದ್ದನ್ನು ಕೇಳುವುದು ಹೇಗೆ? ಭಾವ ಕೇಳಲಿಲ್ಲ. ಬದಲಿಗೆ ದಿನವೂ ಆಕೆಯ ಬಾಯನ್ನೇ ಎವೆಯಿಕ್ಕದೆ ನೋಡತೊಡಗಿದರು.

ಮನೆಯಲ್ಲಿ ಊಟದ ಮೇಜಿನ ಸುತ್ತ ವಿಚಾರಣೆ ನಡೆಯಿತು. ಆಕೆಗೆ ಗಂಟಲು ಹೋಗಿದೆ, ಮೇಷ್ಟ್ರಿಗೆ ಅದು ಗೊತ್ತಿದೆ, ಇಬ್ಬರೂ ಸೇರಿ ಊರಿಗೆಲ್ಲ ಟೋಪಿ ಹಾಕಲು ಬಂದಿದ್ದಾರೆ ಎಂದು ಭಾವ ಪಿಸುಗುಟ್ಟಿದರು. ನಮ್ಮ ಮನೆಯಲ್ಲಿ ನಾವು ಯಾಕೆ ಪಿಸುಗುಟ್ಟುತ್ತಿದ್ದೇವೆಂದು ನಾನು ಕೇಳಿದ್ದಕ್ಕೆ ಅಕ್ಕ ಎದ್ದು ಹೋಗಿ ಕಿಟಕಿ ಹಾಕಿ ಬಂದಳು. ಶಾಲು ಯಾಕೆ, ಫ್ಲಾಸ್ಕ್ ಯಾಕೆ, ಕೇಳಿದ್ದಕ್ಕೆಲ್ಲ ಕೈಸನ್ನೆಯಲ್ಲೇ ಉತ್ತರ ಯಾಕೆ ಎಂದು ಅಕ್ಕ ಬೆರಳು ಮಡಚಿ ಎಣಿಸಿದಾಗ ನನಗೂ ಯಾಕೋ ಸರಿಯಿಲ್ಲ ಎನಿಸಿತು.

ಮರುದಿನ ಅಕ್ಕ ರಾಣಿಯವರು ಇಳಿದಿದ್ದ ಲಾಡ್ಜಿನಲ್ಲಿ ಪಕ್ಕದ ಕೋಣೆ ಹಿಡಿದಳು. ಸ್ನಾನದ ಮನೆಯ ಗೋಡೆಗೆ ಲೋಟ ಒತ್ತಿ, ಲೋಟಕ್ಕೆ ಕಿವಿ ಒತ್ತಿ ಕೂತು ಬಂದಳು. ಹಾಡಲ್ಲ, ಮಾತಲ್ಲ, ಬೆಳಗಿನಿಂದ ಸಂಜೆಯವರೆಗೆ ಬರೀ ಬಾಯಿ ಮುಕ್ಕಳಿಸುವ ಗುಳುಗುಳು ಸದ್ದು ಎಂದು ವರದಿ ಒಪ್ಪಿಸಿದಳು. ನಮ್ಮ ಮಹಡಿಯ ಮೇಲಿನ ಕಿವಿ-ಮೂಗು-ಗಂಟಲಿನ ಡಾಕ್ಟರನ್ನು ಭಾವ ಅತಿಥಿಯ ಸೋಗಿನಲ್ಲಿ ತಾಲೀಮಿಗೆ ಕರೆದೊಯ್ದರು. ಅವರು ನನ್ನ ಅಂಗಡಿಯ ದುರ್ಬೀನು ಹಿಡಿದು ಮುಂದಿನ ಸಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಇಲ್ಲಿಂದ ಹೇಳೋದಾದ್ರೆ, ಗಂಟಲು ಇದೆ. ಅದಕ್ಕಿಂತ ಹೆಚ್ಚು ಹೇಳಬೇಕು ಅಂದ್ರೆ ಹತ್ತಿರ ಹೋಗಬೇಕು" ಎಂದರು ಡಾಕ್ಟರು.

ಭಾವ ಇದನ್ನು ಮ್ಯಾನೇಜರಿಗೆ ತಿಳಿಸಬಾರದಿತ್ತು. ರಂಗಮಂದಿರದ ಮ್ಯಾನೇಜರು ಮೊದಲು ಸುಂಕದ ಇಲಾಖೆಯಲ್ಲಿದ್ದವರು. ಬಂದರಿನಲ್ಲಿ ನಿಂತು ಜನರ ಪೆಟ್ಟಿಗೆ ತೆಗೆಸಿ ನೋಡುವುದರಲ್ಲೇ ಅವರ ಆಯುಷ್ಯ ಕಳೆದಿತ್ತು, ಅಭ್ಯಾಸ ಬಿಟ್ಟಿರಲಿಲ್ಲ. ಸಂಗೀತ ಅವರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಅವರೂ ಯಾರಿಗೂ ಹೇಳಿರಲಿಲ್ಲ. ಇದರ ಮೇಲೆ ಕನ್ನಡಕ ಹಾಕಿದರೆ ವಯಸ್ಸಾಯಿತೆಂದು ಜನ ಆಡಿಕೊಂಡಾರು ಎಂಬ ಭಯ ಬೇರೆ. ನನ್ನ ಅಂಗಡಿ ಹತ್ತಿರ ಬಂತೆಂದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಅವರು ರಾಣಿಯವರ ಫೋಟೋವನ್ನು ಮೂಗಿಗೆ ತಾಗಿಸಿ ನೋಡಿದರು, ಆಮೇಲೆ ಬಾಗಿಲಲ್ಲಿ ನಿಂತು ರಂಗದ ಮೇಲಿದ್ದ ರಾಣಿಯವರನ್ನು ನೋಡಿದರು.

"ಫೋಟೋದಲ್ಲಿರೋರಿಗೆ ಮುಖ ಸ್ಪಷ್ಟವಾಗಿದೆ. ಇವರಿಗೆ ಹಾಗಿಲ್ಲ. ಇವರು ಅವರಲ್ಲ" ಎಂದರು.

ಗಂಟಲು ಹೋಗಿದೆ ಎಂಬ ದೂರು ಹೀಗೆ ಆಸಾಮಿಯೇ ಬೇರೆ ಎಂಬಲ್ಲಿಗೆ ಬಂದು ನಿಂತಿತು. ಅಂದಿನಿಂದ ಮ್ಯಾನೇಜರು ದಿನವೂ ಬಾಗಿಲಲ್ಲಿ ರಾಣಿಯವರ ಫ್ಲಾಸ್ಕ್ ತೆಗೆಸಿ ಮೂಸಿ ನೋಡಿ ಒಳಗೆ ಬಿಡತೊಡಗಿದರು. ಇದನ್ನು ಕಂಡ ಮೇಳದವರಿಗೆ ಏನೋ ನಡೆಯುತ್ತಿದೆ ಎಂದು ಅನುಮಾನ. ಪಿಟೀಲಿನವರು ಕಹಳೆಯವರನ್ನು ಓರೆಗಣ್ಣಿನಿಂದ ನೋಡಿದರು, ಕಹಳೆಯವರು ತಮ್ಮ ಕಹಳೆಗಳೊಳಗೆ ತಾವೇ ಇಣುಕಿ ನೋಡಿಕೊಂಡರು. ಗುಡುಗು ಒಬ್ಬನಿಗೆ ಮಾತ್ರ ಯಾವ ಅನುಮಾನವೂ ಬರಲಿಲ್ಲ.

ಭಾವನ ವಿಷಯದಲ್ಲಿ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅವರಿಗೆ ರಾಣಿಯವರ ಮೇಲೆ ಅನುಮಾನವಿತ್ತು, ಸಿಟ್ಟಿರಲಿಲ್ಲ. ಇಷ್ಟು ದೊಡ್ಡ ಕಲಾವಿದೆ, ಪಾಪ, ಎಲ್ಲರೆದುರು ಮರ್ಯಾದೆ ಹೋಗಬಾರದು ಎಂದರು. ಆಕೆಗೂ ತಿಳಿಯದಂತೆ ಆಕೆಯನ್ನು ಕಾಪಾಡುವ ಉಪಾಯ ಹೂಡಿದರು. ರಂಗದ ಮೇಲಿನ ಆ ದೊಡ್ಡ ಪೆಟ್ಟಿಗೆಯ ತಳ ಬಿಚ್ಚಿಸಿದರು. ಅದನ್ನು ರಂಗದ ನೆಲದಲ್ಲಿದ್ದ ಕಳ್ಳಬಾಗಿಲಿನ ಮೇಲೆ ಇಡಿಸಿದರು. ಕೆಳಗಿನಿಂದ ಏಣಿ ಹತ್ತಿ ಒಬ್ಬರು ಪೆಟ್ಟಿಗೆಯೊಳಗೆ ನಿಲ್ಲಬೇಕು. ರಾಣಿಯವರು ಹೊರಗೆ ತುಟಿಯಾಡಿಸಿದಾಗ ಒಳಗಿನಿಂದ ಹಾಡಬೇಕು. ಹಾಡು ಮುಗಿದ ಕೂಡಲೇ ಕೆಳಗಿಳಿಯಬೇಕು, ಕೆಳಗಿದ್ದವನು ಅಂಗಿಗಳನ್ನು ಜೋಡಿಸಿಟ್ಟ ಹಲಗೆಯನ್ನು ಮೇಲೆ ತಳ್ಳಬೇಕು. ಕೆಳಗಿದ್ದವನು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಅಂಗಡಿ ಉಳಿಸಿಕೊಳ್ಳಲು ನಾನು ಏನು ಮಾಡಲಿಕ್ಕೂ ಸಿದ್ಧನಿದ್ದೆ.

ಹಾಡಲು ಸಿಕ್ಕವರು ನಮ್ಮ ಬೀದಿಯ ಹಾಡಿನ ಟೀಚರಮ್ಮ. ತುಂಬು ಮೈಯ ಹೆಂಗಸು, ವಯಸ್ಸಾಗಿತ್ತು. ಈ ರಂಗಮಂದಿರದ ಆಯ್ಕೆಗೆ ಅವರು ಹೋದಾಗಲೆಲ್ಲ ಗಂಟಲು ಸರಿ, ಆದರೆ ರಂಗದ ಮೇಲೆ ನಿಲ್ಲಿಸುವ ಆಕಾರವಲ್ಲ ಎಂದು ಕಳುಹಿಸುತ್ತಿದ್ದರು. ಅವರು ಮನೆಯಲ್ಲಿ ಹಾಡಿದರೆ ಬೀದಿಯಲ್ಲಿ ಕಿಟಕಿಗಳು ಮುಚ್ಚುತ್ತಿದ್ದವು. ಯಾರ ಕಣ್ಣಿಗೂ ಬೀಳದೆ ಪೆಟ್ಟಿಗೆಯೊಳಗೆ ನಿಂತು ಹಾಡಬೇಕು ಎಂದು ಭಾವ ತಡವರಿಸುತ್ತ ಹೇಳಿದಾಗ ಆಕೆ "ಹಾಡು ಪೂರ್ತಿ ಹಾಡಲು ಬಿಡ್ತೀರಲ್ಲ?" ಎಂದಷ್ಟೇ ಕೇಳಿದರು. ಭಾವ ಮಾತು ಕೊಟ್ಟರು.

ಮೊದಲ ಪ್ರದರ್ಶನದ ಸಂಜೆ ರಂಗಮಂದಿರ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಮಿಟಿ, ಅದರ ತುದಿಯಲ್ಲಿ ಕಣ್ಣು ಕಿರಿದು ಮಾಡಿಕೊಂಡ ಮ್ಯಾನೇಜರು, ಹಿಂದೆ ಅಕ್ಕ, ದುರ್ಬೀನು ಹಿಡಿದ ಡಾಕ್ಟರು. ನಾನು ರಂಗದ ಕೆಳಗೆ ಧೂಳಿನಲ್ಲಿ ಏಣಿ ಹಿಡಿದು ನಿಂತಿದ್ದೆ. ಟೀಚರಮ್ಮ ಏಣಿಯ ಮೇಲೆ, ಅವರ ತಲೆ ಭುಜವೆಲ್ಲ ಪೆಟ್ಟಿಗೆಯೊಳಗೆ. ಮೇಲೆ ನಡೆದದ್ದನ್ನು ಹಲಗೆಗಳ ಸಂದಿಯಿಂದ ಕಂಡಷ್ಟು ಕಂಡೆ, ಉಳಿದದ್ದನ್ನು ಅಕ್ಕ ಹೇಳಿದಳು.

ಹಾಡಿನ ಸಮಯ ಬಂತು. ಮೇಷ್ಟ್ರು ಕೋಲು ಎತ್ತಿದರು. ರಾಣಿಯವರು ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿ, ಬಾಯಿ ತೆರೆದರು.

ನನ್ನ ತಲೆಯ ಮೇಲಿನ ಹಲಗೆಗಳೆಲ್ಲ ನಡುಗಿ ಕಣ್ಣಿಗೆ ಧೂಳು ಬಿತ್ತು. ಅಂಥ ಗಂಟಲನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಪಕ್ಕದ ಪರದೆಯ ಮರೆಯಲ್ಲಿ ನಿಂತಿದ್ದ ಭಾವನ ಮೈಮೇಲೆ, ಹೆಣವಾಗಿದ್ದ ದಿನದ ನಂತರ ಮೊದಲ ಸಲ, ರೋಮ ಎದ್ದಿತು. ಒಡನೆಯೇ, ಹಾಡುತ್ತಿರುವುದು ರಾಣಿಯವರೇ, ಪೆಟ್ಟಿಗೆಯಲ್ಲ ಎಂದು ಹೊಳೆಯಿತು. ನಿಲ್ಲಿಸಿ ಎಂದು ಎರಡೂ ಕೈಯಿಂದ ಪೆಟ್ಟಿಗೆಯ ಕಡೆ ಸನ್ನೆ ಮಾಡಿದರು. ಪೆಟ್ಟಿಗೆಗೆ ಕಣ್ಣಿರಲಿಲ್ಲ. ಅದು ಹಾಡಲು ಶುರುಮಾಡಿತು.

ಹೆಂಡತಿ ಒಬ್ಬಳು, ಗಂಟಲು ಎರಡು. ಮೇಷ್ಟ್ರು ಕೋಲು ಆಡಿಸುತ್ತಲೇ ಪಿಟೀಲಿನವರನ್ನು ದುರುಗುಟ್ಟಿ ನೋಡಿದರು. ಬೀದಿಯವರಾಗಿ ನಿಂತಿದ್ದ ಹೆಂಗಸರು ಹಾಡುತ್ತಿರುವುದು ನೀನೇನಾ ಎಂಬಂತೆ ಒಬ್ಬರ ಬಾಯನ್ನೊಬ್ಬರು ನೋಡಿದರು. ರಾಣಿಯವರು ಹಾಡು ನಿಲ್ಲಿಸಲಿಲ್ಲ. ಹಾಡುತ್ತಲೇ ಕೋಣೆಯೆಲ್ಲ ತಿರುಗಿ, ಕುರ್ಚಿಯ ಹಿಂದೆ ನೋಡಿ, ಕೊನೆಗೆ ಪೆಟ್ಟಿಗೆಯ ಮುಂದೆ ಬಂದು ನಿಂತರು. ಆ ಹೊತ್ತಿಗೆ ಇಡೀ ಸಭೆಗೆ ಕಪ್ತಾನನಿಗಿಂತ ಹೆಚ್ಚು ಸಂಶಯ ಬಂದಿತ್ತು.

ಹಾಡು ಕೊನೆಯ ಸಾಲಿಗೆ ಬಂದಾಗ ನಾನು ಟೀಚರಮ್ಮನ ಕಾಲು ಎಳೆದೆ. ಅವರು ಒದ್ದರು. ಇನ್ನೊಮ್ಮೆ ಎಳೆದೆ. ಇನ್ನೂ ಬಲವಾಗಿ ಒದ್ದರು. ಪೂರ್ತಿ ಹಾಡಲು ಬಿಡುತ್ತೇವೆಂದು ಭಾವ ಮಾತು ಕೊಟ್ಟಿದ್ದರಲ್ಲ, ಅದನ್ನು ಅವರು ಬಿಡುವ ಹಾಗಿರಲಿಲ್ಲ. ರಾಣಿಯವರು ಕೊನೆಯ ಸ್ವರ ಮುಗಿಸಿದರು. ಪೆಟ್ಟಿಗೆ ಮುಗಿಸಲಿಲ್ಲ. ಅದು ಆ ಸ್ವರವನ್ನು ಹಿಡಿದು ಎಳೆಯುತ್ತಲೇ ಇತ್ತು, ಎಷ್ಟೋ ಕಾಲದಿಂದ ಮುಚ್ಚಿದ್ದ ಕಿಟಕಿಗಳೆಲ್ಲ ಆ ಒಂದು ಸಂಜೆಯಲ್ಲೇ ತೆರೆಯಬೇಕು ಎನ್ನುವ ಹಾಗೆ.

ಗುಡುಗು ತನಗೆ ಕಲಿಸಿದ್ದ ಹಾಗೆಯೇ ಮುಂದೆ ಬಂದ. ಕಲಿಸಿದ್ದ ಹಾಗೆಯೇ ಬೀಗ ಒಡೆದ. ಮುಚ್ಚಳ ಎತ್ತಿದ. ಬೆವರಿಳಿಯುತ್ತಿದ್ದ ಟೀಚರಮ್ಮ ಬೆಳಕಿಗೆ ಕಣ್ಣು ಪಿಳಿಪಿಳಿ ಮಾಡುತ್ತ, ಸೊಂಟದವರೆಗೆ ಮೇಲೆದ್ದು, ಅವನ ಮೂಗಿನ ಮುಂದೆಯೇ ನಿಂತರು. ಗುಡುಗು ಅವರ ಮುಖವನ್ನು ನೇರವಾಗಿ ನೋಡುತ್ತ, ಎದೆಯ ಮೇಲೆ ಕೈಯಿಟ್ಟು, ಊರಿಗೆಲ್ಲ ಕೇಳುವಂತೆ ಹಾಡಿದ:

"ಇಲ್ಲಿ ಯಾರೂ ಇಲ್ಲ..."

ಟೀಚರಮ್ಮನಿಗೆ ಏನು ತೋಚಿತೋ, ಬೀದಿಯಲ್ಲಿ ಪಕ್ಕದ ಮನೆಯವನಿಗೆ ಹೇಳುವಷ್ಟೇ ಸಹಜವಾಗಿ ಹೇಳಿದರು:

"ನಾನಿದ್ದೀನಲ್ಲಪ್ಪ."

ಸಭೆ ಘೊಳ್ಳೆಂದು ನಕ್ಕ ನಗೆಗೆ ರಂಗಮಂದಿರದ ಸೂರು ಉಳಿದದ್ದೇ ಹೆಚ್ಚು. ಡಾಕ್ಟರು ದುರ್ಬೀನು ಬೀಳಿಸಿದರು. ಮ್ಯಾನೇಜರು ಎದ್ದು ನಿಂತು, ಪೆಟ್ಟಿಗೆಯಿಂದ ಮಾಲು ಸಿಕ್ಕ ಹಳೆಯ ಸಂತೋಷದಲ್ಲಿ ರಂಗದ ಮೇಲಕ್ಕೆ ಹತ್ತಿ, ಯಾರೂ ಅಲ್ಲಾಡಬಾರದು ಎಂದು ಅಪ್ಪಣೆ ಮಾಡಿದರು. ಗುಡುಗು "ಇದ್ದದ್ದು ನನ್ನ ಸಂಶಯ ಮಾತ್ರ" ಎಂದು ಉಳಿದ ಸಾಲನ್ನು ಪೂರೈಸಿ, ಅಂಗಿಗಳಿಲ್ಲದ ಕಾರಣ ಟೀಚರಮ್ಮನ ಸೆರಗನ್ನೇ ಕಣ್ಣಿಗೊತ್ತಿಕೊಂಡು ಮೊಣಕಾಲೂರಿದ.

ರಾಣಿಯವರು ಪೆಟ್ಟಿಗೆಯ ಅಂಚಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಟೀಚರಮ್ಮನ ಕೈ ಹಿಡಿದು ಹೊರಗಿಳಿಸಿ, ಹಾಡನ್ನು ಮತ್ತೆ ಮೊದಲಿಂದ ತೆಗೆಯುವಂತೆ ಮೇಷ್ಟ್ರಿಗೆ ಸನ್ನೆ ಮಾಡಿದರು. ಈ ಸಲ ಇಬ್ಬರೂ ಪಕ್ಕಪಕ್ಕ ನಿಂತು ಹಾಡಿದರು. ನಗುತ್ತಿದ್ದ ಸಭೆ ಸುಮ್ಮನಾಯಿತು. ಕೆಳಗೆ ಧೂಳಿನಲ್ಲಿ ನಾನೂ ಅಂಗಿಗಳ ಹಲಗೆಯನ್ನು ಬದಿಗಿಟ್ಟು, ಏಣಿಯ ಮೆಟ್ಟಿಲ ಮೇಲೆ ಕೂತು ಕೇಳಿದೆ. ಅಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಟೀಚರಮ್ಮನಿಗೂ ಸೇರಿ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಬಣ್ಣದ ಕೋಣೆಯಲ್ಲಿ ಭಾವ ಕೊನೆಗೂ ಕೇಳಬೇಕಾದದ್ದನ್ನು ಕೇಳಿದರು. ತಾಲೀಮಿನಲ್ಲಿ ಯಾಕೆ ಹಾಡಲಿಲ್ಲ?

"ಗಂಟಲು ಇರೋದು ಒಂದೇ ಅಲ್ವಾ. ದಿನಾ ಖರ್ಚು ಮಾಡಿದ್ರೆ ಪ್ರದರ್ಶನಕ್ಕೆ ಏನು ಉಳಿಯುತ್ತೆ? ನಮ್ಮಲ್ಲಿ ಎಲ್ಲರೂ ಉಳಿಸ್ಕೋತಾರೆ. ನಾಲ್ಕಾರು ಆಪೆರಾ ಮಾಡಿಸಿದೋರಿಗೆ ಇದನ್ನೆಲ್ಲ ಹೇಳಬೇಕಾ ಅಂತ ಸುಮ್ಮನಿದ್ದೆ" ಎಂದರು ರಾಣಿಯವರು. ಭಾವ ದಿನವೂ ತಮ್ಮ ಬಾಯನ್ನೇ ನೋಡುತ್ತಿದ್ದುದರಿಂದ ತಮಗೂ ಅನುಮಾನ ಬಂದು ಕೋಣೆಗೆ ಎರಡೆರಡು ಚಿಲಕ ಹಾಕಿಕೊಳ್ಳುತ್ತಿದ್ದೆನೆಂದೂ, ಪಕ್ಕದ ಕೋಣೆಯಲ್ಲಿ ಬೇರೆ ಯಾರೋ ಹೆಂಗಸು ಗೋಡೆ ಕೆರೆಯುತ್ತಿದ್ದಳೆಂದೂ ಹೇಳಿದರು. ಕಾಲ ಕೆಟ್ಟುಹೋಗಿದೆ, ಯಾರನ್ನೂ ನಂಬುವ ಹಾಗಿಲ್ಲ ಎಂದು ಅಕ್ಕ ಮುಖದ ಗೆರೆ ಅಲುಗಿಸದೆ ಹೇಳಿದಳು.

ಟೀಚರಮ್ಮನನ್ನು ಕಮಿಟಿ ಮರುದಿನವೇ ಮೇಳಕ್ಕೆ ಸೇರಿಸಿಕೊಂಡಿತು. ಭಾವನಿಗೆ ಕುರ್ಚಿ ಮಾತ್ರ ಸಿಗಲಿಲ್ಲ. ಪೆಟ್ಟಿಗೆಯಲ್ಲಿ ಇವತ್ತು ಹೆಂಗಸನ್ನು ಇಟ್ಟವನು ನಾಳೆ ಏನನ್ನು ಬೇಕಾದರೂ ಇಟ್ಟಾನು, ವಿಚಾರಣೆ ಆಗಲಿ ಎಂದು ಮ್ಯಾನೇಜರು ಪಟ್ಟು ಹಿಡಿದರು. ಅವರ ವಿಚಾರಣೆಗಳು ಮುಗಿದ ದಾಖಲೆ ಇಲ್ಲ. ಅಕ್ಕ ತನ್ನ ಮಾತಿನಂತೆ ನಡೆದುಕೊಂಡಳು. ಭಾವ ನನ್ನ ಅಂಗಡಿಗೆ ಬಂದು, ಕಣ್ಣು ಪರೀಕ್ಷೆಯ ಹಲಗೆಯ ಪಕ್ಕದಲ್ಲಿ, ಮಾತು ಕಳೆದುಕೊಂಡ ದೂತನ ಹಾಗೆ ಕೂತರು. ಅವರು ಅಕ್ಷರಗಳನ್ನು ಓದುತ್ತಲೂ ಇರಲಿಲ್ಲ. ಅದನ್ನು ನೋಡಲು ನನಗೇ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮ್ಯಾನೇಜರು ಭಾವನ ಹೇಳಿಕೆ ತೆಗೆದುಕೊಳ್ಳಲು ಅಂಗಡಿಗೇ ಬಂದರು. ಬಂದವರು ಕೈಗೆ ಸಿಕ್ಕ ಕುರ್ಚಿಯಲ್ಲಿ ಕೂತರು. ಅದು ಗಿರಾಕಿಗಳ ಕುರ್ಚಿ, ಎದುರಿಗೇ ಹಲಗೆ. ಎಷ್ಟೋ ವರ್ಷದಿಂದ ರಸ್ತೆ ದಾಟಿ ತಪ್ಪಿಸಿಕೊಂಡ ಕಣ್ಣುಗಳು ತಾವಾಗಿಯೇ ಬಂದು ಸಿಕ್ಕಿದ್ದವು. ನನ್ನೊಳಗಿನ ವ್ಯಾಪಾರಿ ಸುಮ್ಮನಿರಲಿಲ್ಲ. ಆ ಸಾಲು ಒಂದಿಷ್ಟು ಓದಿ ಸಾರ್ ಎಂದುಬಿಟ್ಟೆ.

ಮ್ಯಾನೇಜರು ಹಲಗೆಯ ಕಡೆ ನೋಡಿದರು. ಕಣ್ಣು ಕಿರಿದು ಮಾಡಿದರು. ಕುತ್ತಿಗೆ ಮುಂದೆ ಚಾಚಿದರು. ತುಟಿಯೊಳಗೇ ಏನೋ ಗುನುಗಿದರು. ಅವರ ಕಿವಿ ಕೆಂಪಾಯಿತು. ಇನ್ನೊಂದು ಕ್ಷಣದಲ್ಲಿ ಅವರ ಮರ್ಯಾದೆ ಹೋಗುತ್ತಿತ್ತು. ಅಷ್ಟರಲ್ಲಿ ಭಾವ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು.

"ಅವಸರ ಮಾಡಬೇಡ. ಸಾಹೇಬರು ಉಳಿಸ್ಕೋತಿದ್ದಾರೆ. ಕಣ್ಣು ಇರೋದೇ ಎರಡು, ಇಂಥ ಹಲಗೆಗೆಲ್ಲ ಖರ್ಚು ಮಾಡ್ತಾರಾ?"

ಭಾವ ಬೇಕೆಂದೇ ಹಾಗೆ ಹೇಳಿದರೋ, ನಿಜವಾಗಿ ನಂಬಿ ಹೇಳಿದರೋ, ನನಗೆ ಇವತ್ತಿಗೂ ಅನುಮಾನವಿದೆ. ಮ್ಯಾನೇಜರು ಮಾತ್ರ ದೊಡ್ಡ ಉಸಿರು ಬಿಟ್ಟು, ಹೌದು, ಉಳಿಸಿಕೊಳ್ಳುತ್ತಿದ್ದೇನೆ ಎಂದರು. ತಮ್ಮನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಮನುಷ್ಯ ಈ ಊರಿನಲ್ಲಿ ಸಿಕ್ಕಿರಲಿಲ್ಲವೆಂದರು. ವಿಚಾರಣೆ ಮುಗಿಯಿತು, ನಾಳೆ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂರಿ ಎಂದು ಭಾವನ ಕೈ ಕುಲುಕಿದರು. ಭಾವ ಹಲಗೆಯತ್ತ ತಿರುಗಿದರು. ಅವರು ಆ ಹಲಗೆಯ ಮೇಲಿನ ಸಾಲನ್ನು ಒಮ್ಮೆ ಗಂಭೀರವಾಗಿ, ಪೂರ್ತಿ ಗಂಟಲಿನಲ್ಲಿ ಓದಿದರು. ನಾನು ಒಂದು ಕನ್ನಡಕದ ವ್ಯಾಪಾರ ಕಳೆದುಕೊಂಡೆ, ಅಂಗಡಿ ಉಳಿಯಿತು.

ಮ್ಯಾನೇಜರು ಹೊರಟರು. ಬಾಗಿಲ ಪಕ್ಕದಲ್ಲಿ ಗಿರಾಕಿಗಳು ಮುಖ ನೋಡಿಕೊಳ್ಳುವ ನಿಲುಗನ್ನಡಿ ಇದೆ. ಅದರ ಮುಂದೆ ತಟ್ಟನೆ ನಿಂತು, ಒಳಗಿದ್ದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೆಲ್ಲಗೆ ಹಿಂದಕ್ಕೆ ಬಂದು ನನ್ನ ಕಿವಿಯಲ್ಲಿ ಹೇಳಿದರು:

"ಬಾಗಿಲಲ್ಲಿ ನಿಂತಿರೋ ಆ ಮನುಷ್ಯ ಯಾರು ಅಂತ ವಿಚಾರಿಸಿ. ಆಗಿನಿಂದ ನನ್ನನ್ನೇ ನೋಡ್ತಿದ್ದಾನೆ."